ಬೆಳಕಿನ ತಂತಿಯಲ್ಲಿ ಮಾತು ಮತ್ತು ಗದ್ದಲ



ಅಡುಗೆಮನೆಯಲ್ಲಿ ಮಿಕ್ಸಿ ತಿರುಗಿದೊಡನೆ ಪಡಸಾಲೆಯ ರೇಡಿಯೊ ಗರಗರ ಎನ್ನುವುದನ್ನು ನೀವು ಕೇಳಿರಬಹುದು. ಮಿಕ್ಸಿಯ ಮೋಟಾರಿನಲ್ಲಿ ಹಾರುವ ಸಣ್ಣ ಕಿಡಿಗಳೇ ಇದಕ್ಕೆ ಕಾರಣ. ಈ ಗದ್ದಲ ಗಾಳಿಯಲ್ಲಷ್ಟೇ ಅಲ್ಲ, ಗೋಡೆಯೊಳಗಿನ ವಿದ್ಯುತ್ ತಂತಿಯಲ್ಲೂ ಹರಡುತ್ತದೆ. ಅದೇ ತಂತಿಯಲ್ಲಿ ಸಂದೇಶ ಕಳುಹಿಸಲು ಹೊರಟವರಿಗೆ ಎದುರಾದ ತೊಡಕುಗಳ ಚರಿತ್ರೆಯನ್ನು ಈಗ ನೋಡೋಣ.

ಸ್ಕಾಟ್ಲೆಂಡಿನ ಪಿಕೊ ಎಲೆಕ್ಟ್ರಾನಿಕ್ಸ್ ಸಂಸ್ಥೆ ಮೊದಲು ಕ್ಯಾಲ್ಕ್ಯುಲೇಟರುಗಳ ಚಿಪ್‌ಗಳನ್ನು ರೂಪಿಸುತ್ತಿತ್ತು. 1975ರಲ್ಲಿ ಅದು ಮನೆಯ ದೀಪ, ಉಪಕರಣಗಳನ್ನು ದೂರದಿಂದಲೇ ನಿಯಂತ್ರಿಸುವ ಯೋಜನೆಯನ್ನು ಕೈಗೆತ್ತಿಕೊಂಡಿತು. ಅದು ಸಂಸ್ಥೆಯ ಹತ್ತನೆಯ ಯೋಜನೆ. ಆದ್ದರಿಂದ ‘ಎಕ್ಸ್-10’ ಎಂಬ ಹೆಸರು ಬಂತು. 1978ರಲ್ಲಿ ಅದು ಅಮೆರಿಕದ ಅಂಗಡಿಗಳಿಗೆ ಬಂದಿತು. ಹೊಸ ತಂತಿ ಎಳೆಯಬೇಕಿಲ್ಲ, ಗೋಡೆ ಕೊರೆಯಬೇಕಿಲ್ಲ ಎಂಬುದೇ ಅದರ ಆಕರ್ಷಣೆ.

ಅದರ ಕ್ರಮ ಸರಳ. ಅಮೆರಿಕದ ಪರ್ಯಾಯ ವಿದ್ಯುತ್ತು ಸೆಕೆಂಡಿಗೆ 60 ಆವರ್ತಗಳದು. ಹಾಗಾಗಿ ಅದರ ವೋಲ್ಟೇಜು ಸೆಕೆಂಡಿಗೆ 120 ಬಾರಿ ಸೊನ್ನೆಯನ್ನು ದಾಟುತ್ತದೆ. ಹಾಗೆ ದಾಟುವ ಹೊತ್ತಿನಲ್ಲಿ 120 ಕಿಲೋಹರ್ಟ್ಸ್‌ನ ಸಂಕೇತವನ್ನು ಸುಮಾರು 1 ಮಿಲಿಸೆಕೆಂಡ್ ಕಾಲ ತಂತಿಗೆ ಸೇರಿಸಲಾಗುತ್ತದೆ. 16 ಮನೆ ಸಂಕೇತ, 16 ಉಪಕರಣ ಸಂಕೇತ. ಒಟ್ಟು 256 ವಿಳಾಸಗಳು. ಗದ್ದಲದಲ್ಲಿ ಕಳೆದುಹೋಗದಿರಲೆಂದು ಪ್ರತಿ ಸಂದೇಶವನ್ನು ಎರಡು ಬಾರಿ ಕಳುಹಿಸುತ್ತಿದ್ದರು. ಆದರೂ ಮೊದಲಿನ ಉಪಕರಣಗಳಲ್ಲಿ ಮರುಉತ್ತರದ ಏರ್ಪಾಡು ಇರಲಿಲ್ಲ. ದೀಪ ಹತ್ತಿತೋ ಇಲ್ಲವೋ, ಕಳುಹಿಸಿದ ಪೆಟ್ಟಿಗೆಗೆ ತಿಳಿಯುತ್ತಿರಲಿಲ್ಲ.

ಮುಂದೆ ಮನೆಗಳಿಗೆ ಕಂಪ್ಯೂಟರು, ಹೊಸ ಬಗೆಯ ಟಿ.ವಿ.ಗಳು ಬಂದವು. ಅವುಗಳ ಎಸ್‌.ಎಂ.ಪಿ.ಎಸ್. ಘಟಕಗಳು ವಿದ್ಯುತ್ತನ್ನು ಅತಿ ವೇಗವಾಗಿ ಕಡಿದು ಜೋಡಿಸುತ್ತವೆ. ಈ ಕೆಲಸದಿಂದ ತಂತಿಯಲ್ಲಿ ಗದ್ದಲ ಏಳುತ್ತದೆ. ಗದ್ದಲವನ್ನು ತಡೆಯಲು ತಯಾರಕರು ಒಳಗೆ ಕೆಪಾಸಿಟರ್ ಇಟ್ಟರು. ಇಲ್ಲೊಂದು ಸ್ವಾರಸ್ಯವಿದೆ. 0.1 ಮೈಕ್ರೋಫ್ಯಾರಡ್ ಕೆಪಾಸಿಟರು 60 ಹರ್ಟ್ಸ್‌ಗೆ ಒಡ್ಡುವ ಅಡ್ಡಿ ಸುಮಾರು 26,500 ಓಮ್. 120 ಕಿಲೋಹರ್ಟ್ಸ್‌ಗೆ ಕೇವಲ 13 ಓಮ್. ಎಂದರೆ ಗದ್ದಲವನ್ನು ನುಂಗಲು ಇಟ್ಟದ್ದು ಸಂದೇಶವನ್ನೂ ನುಂಗಿತು! ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು.

ಇದಕ್ಕೆ ಪರಿಹಾರವೇನು? ಸುರುಳಿಯ ಗುಣ ಕೆಪಾಸಿಟರಿಗೆ ವಿರುದ್ಧ. 120 ಕಿಲೋಹರ್ಟ್ಸ್ ಎಂಬುದು 60 ಹರ್ಟ್ಸ್‌ನ 2,000 ಪಟ್ಟು. ಆದ್ದರಿಂದ ಸುರುಳಿ ಸಂಕೇತಕ್ಕೆ ಒಡ್ಡುವ ಅಡ್ಡಿಯೂ 2,000 ಪಟ್ಟು. ಉಪಕರಣಕ್ಕೂ ತಂತಿಗೂ ನಡುವೆ ತಕ್ಕ ಸುರುಳಿಯಿರುವ ಶೋಧಕವನ್ನು ಇಟ್ಟರೆ ವಿದ್ಯುತ್ತು ಸರಾಗವಾಗಿ ಹರಿಯುತ್ತದೆ. ಒಳಗಿನ ಗದ್ದಲ ಹೊರಗೆ ಬಾರದು, ಹೊರಗಿನ ಸಂದೇಶ ಒಳಗೆ ಹೋಗಿ ಕರಗದು. ಆದರೆ ಶೋಧಕವನ್ನು ಎಲ್ಲಿಡಬೇಕು? ತಪ್ಪಿತಸ್ಥ ಉಪಕರಣ ಯಾವುದೆಂದು ಮೊದಲು ತಿಳಿಯಬೇಕು. ಅದಕ್ಕೆ ಉಪಕರಣಗಳನ್ನು ಒಂದೊಂದಾಗಿ ಪ್ಲಗ್‌ನಿಂದ ತೆಗೆದು, ಪ್ರತಿಸಲವೂ ಸಂಕೇತ ಕಳುಹಿಸಿ ನೋಡುವುದೇ ದಾರಿ. ಸ್ವಿಚ್ ಆರಿಸಿದರಷ್ಟೇ ಸಾಲದು. ಕೆಲವು ಉಪಕರಣಗಳಲ್ಲಿ ಕೆಪಾಸಿಟರು ಸ್ವಿಚ್‌ಗೂ ಮೊದಲೇ ಇರುತ್ತದೆ.

2001ರಲ್ಲಿ ಬಂದ ‘ಹೋಮ್‌ಪ್ಲಗ್’ ಕ್ರಮ ಇನ್ನೊಂದು ಉಪಾಯ ಹೂಡಿತು. ಸಂದೇಶವನ್ನು ಅನೇಕ ಕಂಪನಾಂಕಗಳಿಗೆ ಹಂಚಿತು. ಒಂದು ದಾರಿ ಗದ್ದಲದಿಂದ ಕೆಟ್ಟರೂ ಉಳಿದ ದಾರಿಗಳು ತೆರೆದಿರುತ್ತವೆ.

ಇದೇ ತತ್ತ್ವದ ದೊಡ್ಡ ರೂಪ ನಮ್ಮಲ್ಲೂ ಇದೆ. ವಿದ್ಯುತ್ ಉಪಕೇಂದ್ರದ ಬೇಲಿಯಾಚೆ ಪೀಪಾಯಿಯಂತಹ ದೊಡ್ಡ ಟೊಳ್ಳು ಸುರುಳಿಗಳನ್ನು ಕಂಡಿದ್ದೀರಾ? ಅವು ‘ವೇವ್ ಟ್ರ್ಯಾಪ್’ಗಳು. ಹೈಟೆನ್ಷನ್ ತಂತಿಯಲ್ಲಿ ಬರುವ ದೂರವಾಣಿ ಮತ್ತು ರಕ್ಷಣಾ ಸಂಕೇತಗಳು ಉಪಕೇಂದ್ರದ ಯಂತ್ರಗಳೊಳಗೆ ನುಸುಳಿ ವ್ಯರ್ಥವಾಗದಂತೆ ಅವು ತಡೆಯುತ್ತವೆ.

ಮನೆಯ ತಂತಿಗಳ ಮೇಲೆ ಪ್ರಯೋಗ ಮಾಡಹೋಗಬೇಡಿ, ಅಪಾಯ. ಕಾಗದ, ಪೆನ್ಸಿಲು ಹಿಡಿದು ಮೇಲಿನ ಲೆಕ್ಕವನ್ನು ನಮ್ಮ 50 ಹರ್ಟ್ಸ್‌ಗೆ ಮಾಡಿನೋಡಿ. ಕೆಪಾಸಿಟರಿನ ಅಡ್ಡಿ ಹೆಚ್ಚುವುದೋ, ಕಡಿಮೆಯಾಗುವುದೋ?