ಗಾಳಿಗೆ ನಿಂತ ಹಗುರ ಡೇರೆ

1911ರ ಜುಲೈ 22. ಅಂಟಾರ್ಕ್ಟಿಕಾದ ಕೇಪ್ ಕ್ರೋಜಿಯರ್‌ನಲ್ಲಿ ಹಗಲೂ ಕತ್ತಲೆಯಾಗಿರುವ ನಡು ಚಳಿಗಾಲ. ಎಡ್ವರ್ಡ್ ವಿಲ್ಸನ್, ಹೆನ್ರಿ ಬೋವರ್ಸ್ ಮತ್ತು ಆಪ್ಸ್ಲಿ ಚೆರ್ರಿ-ಗರಾರ್ಡ್ ಎಂಬ ಮೂವರು ಬ್ರಿಟಿಷರು ಎಂಪರರ್ ಪೆಂಗ್ವಿನ್ ಹಕ್ಕಿಯ ಮೊಟ್ಟೆ ತರಲೆಂದು ಅಲ್ಲಿಗೆ ಹೋಗಿದ್ದರು. ಕಲ್ಲು ಪೇರಿಸಿ, ಮೇಲೆ ಕ್ಯಾನ್ವಾಸ್ ಹೊದಿಸಿ ಗೂಡು ಕಟ್ಟಿಕೊಂಡಿದ್ದರು. ಪಕ್ಕದಲ್ಲೇ ಅವರ ಡೇರೆ ನಿಂತಿತ್ತು. ಅಂದು ಎದ್ದ ಬಿರುಗಾಳಿ ಆ ಡೇರೆಯನ್ನು ಹೊತ್ತೊಯ್ದಿತು. ಮರುದಿನ ಗೂಡಿನ ಕ್ಯಾನ್ವಾಸೂ ಚಿಂದಿಯಾಯಿತು. ಮೂವರೂ ಮಲಗುವ ಚೀಲದೊಳಗೆ ಹುದುಗಿ, ಮೇಲೆ ಬಿದ್ದ ಹಿಮವನ್ನೇ ಹೊದ್ದು, ಗಾಳಿ ತಗ್ಗುವುದನ್ನು ಕಾಯುತ್ತ ಮಲಗಿದರು. ನೆಲೆಗೆ ಹಿಂತಿರುಗಲು ನೂರು ಕಿಲೋಮೀಟರಿಗೂ ಹೆಚ್ಚು ದಾರಿಯಿತ್ತು. ಡೇರೆಯಿಲ್ಲದೆ ಆ ಹಾದಿ ಸವೆಸುವುದು ಯಾರಿಂದಲೂ ಸಾಧ್ಯವಿರಲಿಲ್ಲ.

ಗಾಳಿ ತಗ್ಗಿದ ಮೇಲೆ ಹುಡುಕಿದಾಗ, ಸುಮಾರು ಅರ್ಧ ಮೈಲಿ ದೂರದ ಇಳಿಜಾರಿನ ಬುಡದಲ್ಲಿ ಡೇರೆ ಸಿಕ್ಕಿತು. ಮಡಚಿದ ಕೊಡೆಯಂತೆ ಅದರ ಬಿದಿರಿನ ಕೋಲುಗಳು ಒಂದಕ್ಕೊಂದು ಕೂಡಿಕೊಂಡಿದ್ದರಿಂದ ಬಟ್ಟೆ ಹರಿದಿರಲಿಲ್ಲ. ಮೂವರೂ ಆಗಸ್ಟ್ 1ರಂದು ಮೂರು ಮೊಟ್ಟೆಗಳೊಂದಿಗೆ ಜೀವಂತವಾಗಿ ಮರಳಿದರು. 1922ರಲ್ಲಿ ಚೆರ್ರಿ-ಗರಾರ್ಡ್ ಪ್ರಕಟಿಸಿದ ‘ದಿ ವರ್ಸ್ಟ್ ಜರ್ನಿ ಇನ್ ದಿ ವರ್ಲ್ಡ್’ ಪುಸ್ತಕದಿಂದಾಗಿ ಈ ಪ್ರಸಂಗ ಜಗತ್ತಿಗೆ ತಿಳಿಯಿತು.

ಇಂದು ಮೋಟಾರ್ ಸೈಕಲ್ಲಿನ ಹಿಂದೆ ಗಂಟು ಕಟ್ಟಿಕೊಂಡು ಚಳಿನಾಡಿಗೆ ಹೊರಡುವ ಸವಾರನ ಮುಂದಿರುವುದೂ ಬಹುಮಟ್ಟಿಗೆ ಇದೇ ಪ್ರಶ್ನೆ. ಡೇರೆ ಹಗುರವಾಗಿರಬೇಕು, ಆದರೆ ಗಾಳಿಗೆ ಹಾರಿಹೋಗಬಾರದು. ಭಾರವಾದ ಡೇರೆಯೇ ಭದ್ರ ಎಂಬುದು ಸಾಮಾನ್ಯ ನಂಬಿಕೆ. ಆದರೆ ನೂರೈವತ್ತು ವರ್ಷಗಳ ಇತಿಹಾಸ ಬೇರೆ ಮಾತನ್ನೇ ಹೇಳುತ್ತದೆ.

ಹೊರುವವರು ಯಾರು?

ಡೇರೆಯ ತೂಕ ನಿರ್ಧಾರವಾಗುತ್ತಿದ್ದುದು ಅದನ್ನು ಹೊರುವವರ ಮೇಲೆ. ಲಡಾಖಿನ ಚಾಂಗ್‌ಥಾಂಗ್ ಪ್ರಸ್ಥಭೂಮಿಯ ಚಾಂಗ್ಪಾ ಕುರಿಗಾಹಿಗಳು ತಲೆತಲಾಂತರದಿಂದ ಬಳಸಿದ್ದು ಯಾಕ್ ಕೂದಲಿನಿಂದ ನೇಯ್ದ ಕಪ್ಪು ಡೇರೆ. ಅವರ ಮಾತಿನಲ್ಲಿ ಅದು ‘ರೆಬೊ’. ನೇಯ್ಗೆ ಸಡಿಲವಾದ್ದರಿಂದ ಒಲೆಯ ಹೊಗೆ ಹೊರಗೆ ಹೋಗುತ್ತದೆ. ಒದ್ದೆಯಾದಾಗ ಕೂದಲು ಉಬ್ಬಿ ಸಂದುಗಳು ಮುಚ್ಚಿಕೊಳ್ಳುತ್ತವೆ. ಇದು ಬಲು ಭಾರದ ವಸ್ತು, ಆದರೆ ಹೊರುವುದು ಯಾಕ್. ಇಷ್ಟಾದರೂ ಚಾಂಗ್ಪಾಗಳು ಗಾಳಿಯನ್ನು ತಡೆಯಲು ಆ ಭಾರವೊಂದನ್ನೇ ನೆಚ್ಚಿಕೊಳ್ಳಲಿಲ್ಲ. ಡೇರೆಯನ್ನು ತಗ್ಗಾಗಿ ಹರಡಿ, ಸುತ್ತಲೂ ಉದ್ದನೆಯ ಹಗ್ಗ ಎಳೆದು ಬಿಗಿದು, ಬುಡಕ್ಕೆ ಕಲ್ಲು ಪೇರಿಸಿದರು.

ಯೂರೋಪಿನ ಪರ್ವತಾರೋಹಿಗಳಿಗೆ ಯಾಕ್ ಇರಲಿಲ್ಲ. 1865ರಲ್ಲಿ ಮ್ಯಾಟರ್‌ಹಾರ್ನ್ ಶಿಖರವನ್ನು ಮೊದಲು ಏರಿದ ತಂಡದ ಎಡ್ವರ್ಡ್ ವಿಂಪರ್, ಅದಕ್ಕೆ ಮುಂಚಿನ ಪ್ರಯತ್ನಗಳಲ್ಲೇ ತನ್ನ ಡೇರೆಯನ್ನು ತಾನೇ ರೂಪಿಸಿಕೊಂಡಿದ್ದ. ಎರಡೂ ತುದಿಯಲ್ಲಿ ಕತ್ತರಿಯಾಕಾರದ ಜೋಡಿ ಕೋಲು, ಗೋಡೆಗೇ ಹೊಲಿದ ನೆಲಹಾಸು. ತೂಕ ಸುಮಾರು 10 ಕಿಲೋ. ನೆಲಹಾಸನ್ನು ಗೋಡೆಗೆ ಹೊಲಿದದ್ದು ಸಣ್ಣ ವಿಷಯವಲ್ಲ. ಗಾಳಿ ಡೇರೆಯನ್ನು ಎತ್ತುವುದು ಕೆಳಗಿನ ಅಂಚಿನಿಂದ ಒಳನುಗ್ಗಿ. ಒಳಗೆ ಮಲಗಿದವರ ಭಾರವೇ ನೆಲಹಾಸನ್ನು ಅದುಮಿದಾಗ ಆ ದಾರಿ ಮುಚ್ಚಿತು.

ಮುಂದಿನ ತಲೆಮಾರಿನ ಆಲ್ಬರ್ಟ್ ಮಮ್ಮರಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಆತನ ರೇಷ್ಮೆ ಡೇರೆಯ ತೂಕ ಎರಡು ಕಿಲೋಗೂ ಕಡಿಮೆ. ಕೋಲುಗಳನ್ನು ಬೇರೆಯಾಗಿ ಹೊರುವ ಬದಲು ಹಿಮಗೊಡಲಿಗಳನ್ನೇ ಊರಿ ಕಂಬ ಮಾಡಿಕೊಂಡ. 1895ರಲ್ಲಿ ನಂಗಾ ಪರ್ವತದಲ್ಲಿ ಇಬ್ಬರು ಗೂರ್ಖಾ ಸಂಗಡಿಗರೊಂದಿಗೆ ಆತ ಕಣ್ಮರೆಯಾದ. ಆದರೆ ಆತನ ಹೆಸರು ಹೊತ್ತ ಡೇರೆ ಉಳಿಯಿತು. 1920ರ ದಶಕದ ಎವರೆಸ್ಟ್ ಯಾತ್ರೆಗಳಲ್ಲೂ ಅದರ ಬಳಕೆಯಾಯಿತು.

ದರ್ಜಿಯ ಸೈಕಲ್ ಸವಾರಿ

ಹಗುರ ಡೇರೆಯನ್ನು ಪರ್ವತದಿಂದ ರಸ್ತೆಗೆ ಇಳಿಸಿದ ಕೀರ್ತಿ ಲಂಡನ್ನಿನ ದರ್ಜಿ ಥಾಮಸ್ ಹೈರಮ್ ಹೋಲ್ಡಿಂಗ್‌ಗೆ ಸಲ್ಲಬೇಕು. ಬಾಲ್ಯದಲ್ಲಿ ತಂದೆತಾಯಿಯೊಂದಿಗೆ ಬಂಡಿಯಲ್ಲಿ ಅಮೆರಿಕದ ಹುಲ್ಲುಗಾವಲುಗಳನ್ನು ದಾಟಿದ್ದ ಹೋಲ್ಡಿಂಗ್, ನಡುವಯಸ್ಸಿನಲ್ಲಿ ಸೈಕಲ್ ಮೇಲೆ ಡೇರೆ ಕಟ್ಟಿಕೊಂಡು ಐರ್ಲೆಂಡಿನ ಕೊನೆಮಾರಾ ಪ್ರದೇಶವನ್ನು ಸುತ್ತಿದ. 1898ರಲ್ಲಿ ಆ ಪ್ರವಾಸದ ಪುಸ್ತಕ ಬಂತು. ಅದರ ಓದುಗರು ಕೂಡಿ 1901ರಲ್ಲಿ ಸೈಕಲ್ ಶಿಬಿರಗಾರರ ಸಂಘ ಕಟ್ಟಿದರು. ಮುಂದೆ ಬ್ರಿಟನ್ನಿನ ದೊಡ್ಡ ಶಿಬಿರ ಸಂಸ್ಥೆಯಾಗಿ ಬೆಳೆದದ್ದು ಇದೇ ಸಂಘ. ದಕ್ಷಿಣ ಧ್ರುವಕ್ಕೆ ಹೊರಡುವ ಮುನ್ನ ಕ್ಯಾಪ್ಟನ್ ರಾಬರ್ಟ್ ಸ್ಕಾಟ್ ಈ ಬಳಗದ ಅಧ್ಯಕ್ಷನಾಗಿದ್ದನೆಂಬುದು ಕುತೂಹಲದ ಸಂಗತಿ. ಕೇಪ್ ಕ್ರೋಜಿಯರ್‌ನ ಮೂವರೂ ಅದೇ ಸ್ಕಾಟನ ತಂಡದವರು.

ಸೈಕಲ್ ಕಲಿಸಿದ ಪಾಠ ಎರಡು: ತೂಕದಷ್ಟೇ ಗಂಟಿನ ಗಾತ್ರವೂ ಮುಖ್ಯ, ಕೋಲುಗಳು ಗಾಡಿಯ ಮೇಲೆ ಹಿಡಿಸುವಷ್ಟು ಗಿಡ್ಡವಾಗಬೇಕು. ಮೋಟಾರ್ ಸೈಕಲ್ಲಿಗೂ ಇದೇ ಲೆಕ್ಕ. ಅದರ ಎಂಜಿನ್ನಿಗೆ ಒಂದು ಕಿಲೋ ಹೆಚ್ಚು ಕಡಿಮೆಯಾದರೆ ತೊಂದರೆಯಿಲ್ಲ. ಆದರೆ ಪಕ್ಕದ ಪೆಟ್ಟಿಗೆಯಿಂದಾಚೆ ಚಾಚಿದ ಕೋಲು, ಸೀಟಿನ ಹಿಂದೆ ಎತ್ತರಕ್ಕೆ ಪೇರಿಸಿದ ಗಂಟು ತಿರುವಿನಲ್ಲಿ ಸವಾರನ ಆಯ ತಪ್ಪಿಸುತ್ತವೆ.

ಮೋಟಾರ್ ಸೈಕಲ್ ಸವಾರರು ಚಳಿಗಾಲದಲ್ಲೇ ಡೇರೆ ಹಾಕುವ ಪದ್ಧತಿಗೂ ಒಂದು ಚರಿತ್ರೆಯಿದೆ. 1956ರ ಜನವರಿಯಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್ ಬಳಿ ಪತ್ರಕರ್ತ ಅರ್ನ್‌ಸ್ಟ್ ಲೆವರ್ಕುಸ್ ಕರೆಗೆ ಕೆಲವೇ ಸವಾರರು ಸೇರಿದರು. ಅವರ ಬಳಿ ಇದ್ದ ಜುಂಡಾಪ್ ಕೆಎಸ್ 601 ಗಾಡಿಗೆ ‘ಹಸಿರು ಆನೆ’ ಎಂಬ ಅಡ್ಡಹೆಸರಿತ್ತು. ಹಾಗಾಗಿ ಕೂಟಕ್ಕೆ ‘ಆನೆ ಮೇಳ’ ಎಂಬರ್ಥದ ಎಲೆಫಾಂಟೆನ್‌ಟ್ರೆಫೆನ್ ಎಂಬ ಹೆಸರು ಬಂತು. 1989ರಿಂದ ಬವೇರಿಯಾದ ಕಾಡುಪ್ರದೇಶದ ಸೊಲ್ಲಾ ಗ್ರಾಮದ ಬಳಿ ಈ ಮೇಳ ನೆಲೆ ಕಂಡಿತು. ಹಿಮದ ಮೇಲೆ ಡೇರೆ ಹಾಕುವ ಸವಾರರು ಮೊದಲು ಮಾಡುವ ಕೆಲಸ ನೆಲಕ್ಕೆ ಒಣಹುಲ್ಲು ಹರಡುವುದು. ಚಳಿ ಗಾಳಿಯಿಂದ ಮಾತ್ರವಲ್ಲ, ಮಲಗಿದವನ ಬೆನ್ನಡಿಯ ನೆಲದಿಂದಲೂ ಏರುತ್ತದೆ ಎಂಬುದು ಅವರ ಅನುಭವ.

ಬಾಗಿ ನಿಲ್ಲುವ ಕೋಲು

ಗಾಳಿಯ ಒತ್ತಡ ಅದರ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಅಂದರೆ ಗಂಟೆಗೆ 30 ಕಿಲೋಮೀಟರ್ ಬೀಸುವ ಗಾಳಿ 60ಕ್ಕೆ ಏರಿದರೆ ಡೇರೆಯ ಮೇಲಿನ ಒತ್ತಡ ಎರಡಲ್ಲ, ನಾಲ್ಕು ಪಟ್ಟಾಗುತ್ತದೆ. ಇಂಥ ಬಲದ ಎದುರು ನಾಲ್ಕೈದು ಕಿಲೋ ಹೆಚ್ಚಿನ ಬಟ್ಟೆಯಿಂದ ಆಗುವುದೇನೂ ಇಲ್ಲ. ಬೇಕಾದದ್ದು ಗಾಳಿಯನ್ನು ಜಾರಿಸುವ ಆಕಾರ ಮತ್ತು ಒತ್ತಡವನ್ನು ನೆಲಕ್ಕೆ ಸಾಗಿಸುವ ಹಗ್ಗ, ಗೂಟ.

1953ರ ಮೇ 28ರ ರಾತ್ರಿ ತೇನ್ಸಿಂಗ್ ಮತ್ತು ಹಿಲರಿ ಎವರೆಸ್ಟಿನ ಮೇಲೆ ಸುಮಾರು 8,500 ಮೀಟರ್ ಎತ್ತರದಲ್ಲಿ ಪುಟ್ಟ ಡೇರೆಯೊಂದರಲ್ಲಿ ಕಳೆದರು. ಅಲ್ಲಿ ಗೂಟ ಇಳಿಯುವ ನೆಲವಿರಲಿಲ್ಲ. ಆಮ್ಲಜನಕದ ಸಿಲಿಂಡರುಗಳನ್ನು ಹಿಮದಲ್ಲಿ ಹೂತು ಅವಕ್ಕೆ ಹಗ್ಗ ಕಟ್ಟಿದರು. ಮರುದಿನ ಬೆಳಿಗ್ಗೆ ಅವರು ಶಿಖರ ಮುಟ್ಟಿದ್ದು ಎಲ್ಲರಿಗೂ ಗೊತ್ತು. ಹಿಂದಿನ ರಾತ್ರಿ ಡೇರೆಯನ್ನು ಹಿಡಿದು ನಿಲ್ಲಿಸಿದ ಆ ಹಗ್ಗಗಳನ್ನು ನೆನೆಯುವವರು ಕಡಿಮೆ.

ಡೇರೆ ನಿಜಕ್ಕೂ ಬದಲಾದದ್ದು ಆನಂತರ. 1930ರ ದಶಕದಲ್ಲಿ ಹುಟ್ಟಿದ ನೈಲಾನ್, ನೀರು ಕುಡಿದು ಭಾರವಾಗುತ್ತಿದ್ದ ಹತ್ತಿಬಟ್ಟೆಯನ್ನು ಹಿಂದೆ ಸರಿಸಿತು. ಬಿದಿರು, ಮರದ ಜಾಗಕ್ಕೆ ವಿಮಾನಗಳಿಗೆಂದು ಬೆಳೆದ ಅಲ್ಯೂಮಿನಿಯಂ ಮಿಶ್ರಲೋಹದ ಸಣ್ಣ ಕೊಳವೆಗಳು ಬಂದವು. ತುಂಡುತುಂಡಾಗಿ ಮಡಚಿಟ್ಟು, ಜೋಡಿಸಿದಾಗ ಬಿಲ್ಲಿನಂತೆ ಬಾಗುವ ಕೋಲು ಇದರಿಂದ ಸಾಧ್ಯವಾಯಿತು. 1973ರಲ್ಲಿ ಸ್ವೀಡನ್ನಿನ ಹಿಲೆಬೆರಿ ಸಂಸ್ಥೆ ಒಳಡೇರೆ ಮತ್ತು ಹೊರಹೊದಿಕೆ ಎರಡೂ ಒಟ್ಟಿಗೇ ಏಳುವ ಡೇರೆಯನ್ನು ತಂದಿತು. 1975ರಲ್ಲಿ ಅಮೆರಿಕದ ನಾರ್ತ್ ಫೇಸ್ ಸಂಸ್ಥೆ, ಬಕ್‌ಮಿನ್‌ಸ್ಟರ್ ಫುಲ್ಲರ್ ಪ್ರಚುರಪಡಿಸಿದ ಗುಮ್ಮಟ ವಿನ್ಯಾಸದ ಜಾಡು ಹಿಡಿದು, ಕೋಲುಗಳು ಹಲವು ಕಡೆ ಒಂದನ್ನೊಂದು ಹಾಯುವ ಡೇರೆ ತಯಾರಿಸಿತು. ಹಳೆಯ ಡೇರೆ ಗಾಳಿಗೆ ಸೆಟೆದು ನಿಲ್ಲಲು ನೋಡುತ್ತಿತ್ತು. ಹೊಸದು ಬಾಗಿ, ಗಾಳಿ ದಾಟಿದ ಮೇಲೆ ಮತ್ತೆ ನೆಟ್ಟಗಾಗುತ್ತದೆ.

ಇವುಗಳಿಂದ ಎರಡು ಪಂಥ ಬೆಳೆದಿವೆ. ಗುಮ್ಮಟದ ಡೇರೆ ಗೂಟವಿಲ್ಲದೆಯೂ ತನ್ನ ಕಾಲ ಮೇಲೆ ನಿಲ್ಲುತ್ತದೆ. ಗಾಳಿ ಯಾವ ದಿಕ್ಕಿನಿಂದ ಬಂದರೂ ತಾಳುತ್ತದೆ. ಕಲ್ಲುನೆಲಕ್ಕೆ, ಹೆಪ್ಪುಗಟ್ಟಿದ ಮಣ್ಣಿಗೆ ಅನುಕೂಲ. ಸಾಲು ಕಮಾನಿನ ಸುರಂಗದಂಥ ಡೇರೆಯಲ್ಲಿ ಅಷ್ಟೇ ತೂಕಕ್ಕೆ ಹೆಚ್ಚು ಜಾಗ, ತೊಯ್ದ ಜಾಕೆಟ್ಟು ಬೂಟುಗಳಿಗೆ ಹೊರಕೋಣೆ. ಆದರೆ ಅದಕ್ಕೆ ಗೂಟ ಬೇಕೇ ಬೇಕು, ತುದಿಯನ್ನು ಗಾಳಿಗೆದುರಾಗಿ ಇಡಬೇಕು. ಗಾಳಿ ದಿಕ್ಕು ಬದಲಿಸಿ ಪಕ್ಕಕ್ಕೆ ಬಡಿದರೆ ಕಮಾನುಗಳು ಒರಗುತ್ತವೆ.

ಲಡಾಖ್ ದಾರಿಯಲ್ಲಿ

ಮನಾಲಿ-ಲೇಹ್ ರಸ್ತೆ 1989ರಲ್ಲಿ ಪ್ರವಾಸಿಗರಿಗೆ ತೆರೆದ ಮೇಲೆ ಬೆಂಗಳೂರು, ಮೈಸೂರುಗಳಿಂದಲೂ ಯುವಕರು ಮೋಟಾರ್ ಸೈಕಲ್ ಏರಿ ಅತ್ತ ಹೊರಡತೊಡಗಿದರು. ದಾರಿಯ ಸರ್ಚು, ಪಾಂಗ್ ಎರಡೂ 4,000 ಮೀಟರಿಗಿಂತ ಎತ್ತರದಲ್ಲಿವೆ. ಅಲ್ಲಿ ಪ್ಯಾರಾಚೂಟ್ ಬಟ್ಟೆಯ ಡೇರೆಗಳಲ್ಲಿ ಬೇಸಿಗೆಯ ಢಾಬಾಗಳು ನಡೆಯುತ್ತವೆ. ಮಧ್ಯಾಹ್ನ ಬಿಸಿಲು ಸುಡುತ್ತಿದ್ದರೂ ಸಂಜೆಗೆ ಗಾಳಿ ಎದ್ದಾಗ ಕೈ ಮರಗಟ್ಟುತ್ತದೆ.

ಗಾಳಿ ಮೈಯ ಶಾಖವನ್ನು ಹೇಗೆ ಕದಿಯುತ್ತದೆಂಬುದನ್ನು ಅಂಟಾರ್ಕ್ಟಿಕಾದಲ್ಲಿ ಮೊದಲು ಅಳೆದವರು ಪಾಲ್ ಸೈಪಲ್ ಮತ್ತು ಚಾರ್ಲ್ಸ್ ಪ್ಯಾಸೆಲ್. ಅವರ ಲೆಕ್ಕ 1945ರಲ್ಲಿ ಪ್ರಕಟವಾಯಿತು. 2001ರಲ್ಲಿ ತಿದ್ದಿದ ಸೂತ್ರದ ಪ್ರಕಾರ ಸೊನ್ನೆ ಡಿಗ್ರಿಯಲ್ಲಿ ಗಂಟೆಗೆ 80 ಕಿಲೋಮೀಟರ್ ಗಾಳಿಗೆ ಒಡ್ಡಿದ ಚರ್ಮಕ್ಕೆ ತಾಗುವ ಚಳಿ ಮೈನಸ್ 10 ಡಿಗ್ರಿಯಷ್ಟು. ದಿನವಿಡೀ ಇಂಥ ಗಾಳಿಯಲ್ಲಿ ಬಂದ ಸವಾರ, ಬೆರಳು ಮಡಚಲಾಗದ ಹೊತ್ತಿನಲ್ಲಿ ಒಬ್ಬನೇ ಡೇರೆ ಎಬ್ಬಿಸಬೇಕು.

ಆದ್ದರಿಂದ ಅಂಗಡಿಯಲ್ಲಿ ತೂಕದ ಚೀಟಿ ನೋಡುವ ಮುನ್ನ ನೋಡಬೇಕಾದವು ಬೇರೆಯೇ ಇವೆ. ಕೋಲು ಅಲ್ಯೂಮಿನಿಯಂದಾಗಿರಬೇಕು, ಅಗ್ಗದ ಫೈಬರ್‌ಗ್ಲಾಸ್ ಕೋಲು ಚಳಿಯಲ್ಲಿ ಸೀಳುತ್ತದೆ. ಕೋಲುಗಳು ಒಂದನ್ನೊಂದು ಹಾಯುವ ಜಾಗ ಹೆಚ್ಚಿದ್ದಷ್ಟೂ ಒಳಿತು. ಹೊರಹೊದಿಕೆ ನೆಲದವರೆಗೆ ಇಳಿದಿರಬೇಕು, ಒಳಗೋಡೆ ಪೂರ್ತಿ ಸೊಳ್ಳೆಪರದೆಯಂಥ ಜಾಲರಿಯಾಗಿರಬಾರದು. ಕೈಗವಸು ತೊಟ್ಟೇ ಹಾಕಲು ಬರಬೇಕು. ಚಾರಣಿಗರ ಊರುಗೋಲನ್ನೇ ಕಂಬ ಮಾಡಿಕೊಳ್ಳುವ ಅತಿ ಹಗುರ ಡೇರೆಗಳು ಮಮ್ಮರಿಯ ಉಪಾಯದ ವಂಶಸ್ಥರು. ಊರುಗೋಲಿಲ್ಲದ ಮೋಟಾರ್ ಸೈಕಲ್ ಸವಾರನಿಗೆ ಅವುಗಳಿಂದ ಲಾಭ ಕಡಿಮೆ. ಇಷ್ಟೆಲ್ಲ ಇದ್ದೂ ಎರಡರಿಂದ ನಾಲ್ಕು ಕಿಲೋ ತೂಗುವ ಇಬ್ಬರ ಡೇರೆಗಳು ಇಂದು ಸಿಗುತ್ತವೆ.

ಗಾಳಿಯನ್ನು ಪೂರ್ತಿ ಮುಚ್ಚಿಬಿಟ್ಟರೂ ಅಪಾಯವೇ. ಉಸಿರಿನ ತೇವ ಹೊರಹೋಗಬೇಕು. ಕೇಪ್ ಕ್ರೋಜಿಯರ್ ಯಾತ್ರೆಗೆ ಹೊರಟಾಗ ಸುಮಾರು 8 ಕಿಲೋ ಇದ್ದ ಚೆರ್ರಿ-ಗರಾರ್ಡನ ಮಲಗುವ ಚೀಲ, ಉಸಿರು ಬೆವರುಗಳು ಮಂಜುಗಟ್ಟಿ, ಹಿಂತಿರುಗುವಾಗ 20 ಕಿಲೋ ತೂಗುತ್ತಿತ್ತು. ಮುಚ್ಚಿದ ಡೇರೆಯಲ್ಲಿ ಸ್ಟವ್ ಹಚ್ಚಿದರೆ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಅನಿಲ ನಿದ್ದೆಯಲ್ಲೇ ಕೊಲ್ಲಬಲ್ಲದು. ಮೇಲಿನ ಗವಾಕ್ಷಿ ತೆರೆದಿರಲೇಬೇಕು.

ಒಳ್ಳೆಯ ಡೇರೆಯೂ ಎಲ್ಲವನ್ನೂ ಕಾಯಲಾರದು. ಸ್ಕಾಟ್, ವಿಲ್ಸನ್ ಮತ್ತು ಬೋವರ್ಸ್ ದಕ್ಷಿಣ ಧ್ರುವದಿಂದ ಮರಳುವ ದಾರಿಯಲ್ಲಿ 1912ರ ಮಾರ್ಚಿನಲ್ಲಿ ಪ್ರಾಣಬಿಟ್ಟರು. ಆ ವರ್ಷ ನವೆಂಬರ್ 12ರಂದು ಹುಡುಕಿಕೊಂಡು ಬಂದವರಿಗೆ ಹಿಮದಲ್ಲಿ ಅರ್ಧ ಹೂತ ಡೇರೆ ಇನ್ನೂ ನಿಂತೇ ಇದ್ದದ್ದು ಕಂಡಿತು. ಮುಗಿದುಹೋಗಿದ್ದು ಒಳಗಿನವರ ಆಹಾರ ಮತ್ತು ಇಂಧನ.

ಅವರು ಪ್ರಾಣಬಿಡುವುದಕ್ಕೆ ಎಂಟು ತಿಂಗಳ ಹಿಂದೆ, ಕೇಪ್ ಕ್ರೋಜಿಯರ್‌ನಲ್ಲಿ ಕಳೆದ ಡೇರೆ ಮರಳಿ ಸಿಕ್ಕ ಮೇಲೆ ಇದೇ ಬೋವರ್ಸ್ ಒಂದು ಕೆಲಸ ಮಾಡಿದ್ದ. ಡೇರೆಗೆ ಹಗ್ಗವೊಂದನ್ನು ಬಿಗಿದು, ಅದರ ಇನ್ನೊಂದು ತುದಿಯನ್ನು ತನಗೇ ಕಟ್ಟಿಕೊಂಡು ಮಲಗಿದ. ಮತ್ತೆ ಗಾಳಿ ಬಂದರೆ ಡೇರೆಯ ಜತೆ ತಾನೂ ಹೋಗುವುದೆಂದು ಆತನ ತೀರ್ಮಾನ. ಇಂದಿನ ಸವಾರ ಅಷ್ಟು ದೂರ ಹೋಗಬೇಕಿಲ್ಲ. ಸಂಜೆ ಆಕಾಶ ತಿಳಿಯಾಗಿದ್ದರೂ ಎಲ್ಲ ಹಗ್ಗಗಳನ್ನೂ ಎಳೆದು ಕಟ್ಟಿದ ಮೇಲೆಯೇ ಮಲಗಿದರೆ ಸಾಕು.