ತಟ್ಟೆಯಲ್ಲಿ ಕರಾವಳಿಯ ಚರಿತ್ರೆ

ಪ್ರವಾಸ ಎಂದೊಡನೆ ನಾವು ನೋಡಬೇಕಾದ ಸ್ಥಳಗಳ ಪಟ್ಟಿ ಮಾಡುತ್ತೇವೆ. ಉಣ್ಣಬೇಕಾದ ಊಟಗಳ ಪಟ್ಟಿ ಮಾಡಿದರೆ ಹೇಗೆ? ಮಂಗಳೂರಿನಿಂದ ಕಾರವಾರದವರೆಗೆ ಕಡಲಿನ ಬದಿಯಲ್ಲಿ ಸಾಗುವ ರಾಷ್ಟ್ರೀಯ ಹೆದ್ದಾರಿ ಇದಕ್ಕೆ ತಕ್ಕ ದಾರಿ. ಮೊದಲು 17, ಈಗ 66 ಎಂಬ ಸಂಖ್ಯೆಯ ಈ ರಸ್ತೆಯಲ್ಲಿ ಸುಮಾರು 270 ಕಿ.ಮೀ. ಪಯಣ. ಮೂರು ದಿನ ಇಟ್ಟುಕೊಳ್ಳಿ. ಜೂನ್, ಜುಲೈ ಬೇಡ. ಆಗ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ.

ವಿಜ್ಞಾನ ಓದಿದ ನನಗೆ ಪ್ರಶ್ನೆಯಿಲ್ಲದೆ ಹೊರಡುವುದು ಒಗ್ಗದು. ಈ ಪಯಣದ ಪ್ರಶ್ನೆ ಇದು: ಮೆಣಸಿನಕಾಯಿ ಬರುವ ಮೊದಲು ಇಲ್ಲಿನ ಊಟ ಹೇಗಿತ್ತು?

ಮೊದಲ ದಿನ ಮಂಗಳೂರು, ಉಡುಪಿ. ಮಂಗಳೂರಿನ ಮೀನು ಸಾರಿನ ಕೆಂಪು ಬಣ್ಣ ಗಮನಿಸಿ. ಆ ಬಣ್ಣ ಕೊಡುವ ಮೆಣಸಿನಕಾಯಿ ಅಮೆರಿಕ ಖಂಡದ ಬೆಳೆ. 16ನೆಯ ಶತಮಾನದಲ್ಲಿ ಪೋರ್ಚುಗೀಸರ ಮೂಲಕ ಬಂದದ್ದು. ಅದಕ್ಕೆ ಮೊದಲು ಖಾರಕ್ಕೆ ಕರಿಮೆಣಸೇ ಆಧಾರ. ತುಳುವಿನಲ್ಲಿ ಕರಿಮೆಣಸಿಗೆ ಇಂದಿಗೂ 'ಎಡ್ಡೆ ಮುಂಚಿ', ಅಂದರೆ ಒಳ್ಳೆಯ ಮೆಣಸು ಎಂದೇ ಹೆಸರು. ಉಡುಪಿಯಲ್ಲಿ ಹಿರಿಯರನ್ನು ವಿಚಾರಿಸಿ. ಅನೇಕ ಮನೆಗಳ ಶ್ರಾದ್ಧದ ಅಡುಗೆಯಲ್ಲಿ ಮೆಣಸಿನಕಾಯಿ, ಆಲೂಗಡ್ಡೆ, ಟೊಮೆಟೊಗಳಿಗೆ ಪ್ರವೇಶವಿಲ್ಲ. ಹಳೆಯ ಪಾಕಕ್ರಮವನ್ನು ಆಚಾರ ಉಳಿಸಿಕೊಂಡಿದೆ.

ಎರಡನೆಯ ದಿನ ಮರವಂತೆ ದಾಟಿ ಹೊನ್ನಾವರ. ಮರವಂತೆಯಲ್ಲಿ ರಸ್ತೆಯ ಒಂದು ಬದಿಗೆ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ. ಹೊನ್ನಾವರದಲ್ಲಿ ನಮ್ಮ ಪ್ರಶ್ನೆಗೆ ಲಿಖಿತ ಸಾಕ್ಷಿಯೇ ಉಂಟು. 14ನೆಯ ಶತಮಾನದ ನಡುವೆ ಇಲ್ಲಿಗೆ ಬಂದ ಯಾತ್ರಿಕ ಇಬ್ನ್ ಬತೂತ ಸುಲ್ತಾನನ ಮನೆಯ ಊಟವನ್ನು ವರ್ಣಿಸಿದ್ದಾನೆ: ಅನ್ನ, ಮೇಲೆ ತುಪ್ಪ, ಜೊತೆಗೆ ಮೆಣಸಿನ ಗೊಂಚಲು, ಹಸಿಶುಂಠಿ, ನಿಂಬೆ, ಮಾವುಗಳ ಉಪ್ಪಿನಕಾಯಿ, ಬಳಿಕ ಕೋಳಿ, ಮೀನು, ಕೊನೆಗೆ ಮೊಸರು. ಆ ಗೊಂಚಲು ಕರಿಮೆಣಸಿನದು. ಅದೇ ಮೆಣಸಿಗಾಗಿ ಪೋರ್ಚುಗೀಸರು ಬಂದರು. ಶರಾವತಿಯ ಮೇಲ್ಭಾಗದ ಗೇರುಸೊಪ್ಪೆಯನ್ನು ಆಳಿದ ಚೆನ್ನಭೈರಾದೇವಿ 'ಮೆಣಸಿನ ರಾಣಿ' ಎಂದೇ ಖ್ಯಾತಳು. ಕರಿಮೆಣಸನ್ನು ಕೊಳ್ಳಲು ಬಂದವರೇ ಮೆಣಸಿನಕಾಯಿಯನ್ನು ಬಿಟ್ಟುಹೋದರು!

ಮೂರನೆಯ ದಿನ ಉಪ್ಪಿನದು. ಅಘನಾಶಿನಿಯ ಅಳಿವೆಯಲ್ಲಿ ಸಾಣಿಕಟ್ಟೆಯ ಉಪ್ಪಿನ ಗದ್ದೆಗಳಿವೆ. ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಭತ್ತವೂ ಈ ಅಳಿವೆಯದೇ. ಮುಂದೆ ಸಿಗುವ ಅಂಕೋಲೆಯಲ್ಲಿ 1930ರಲ್ಲಿ ಜನ ಉಪ್ಪಿನ ಕಾನೂನು ಮುರಿದರು. ಅಲ್ಲಿಂದ ಕಾರವಾರಕ್ಕೆ ಹೋಗಿ ಕಾಳಿ ನದಿಯ ದಡದಲ್ಲಿ ಪಯಣ ಮುಗಿಸಿ.

ಕೊನೆಗೊಂದು ಮಾತು. ಒಮ್ಮೆ ಚಿತ್ರೀಕರಣಕ್ಕೆ ಹೋದಾಗ ಹೊನ್ನಾವರದ ಬಳಿ ಅಜ್ಜಿಯೊಬ್ಬರು ಕರಿಮೆಣಸಿನ ಸಾರು ಬಡಿಸಿ, ತಮ್ಮ ಅಜ್ಜಿ ಅದನ್ನು ಮಾಡುತ್ತಿದ್ದ ಬಗೆ ಹೇಳತೊಡಗಿದರು. ಬೆಳಕು ಹೋದೀತೆಂಬ ಆತುರದಲ್ಲಿ ನಾವು ಕಡಲತೀರಕ್ಕೆ ಓಡಿ ಸೂರ್ಯಾಸ್ತವನ್ನು ಚಿತ್ರೀಕರಿಸಿದೆವು. ಮರುವರ್ಷ ಹೋದಾಗ ಆ ಅಜ್ಜಿ ಇರಲಿಲ್ಲ. ಸೂರ್ಯ ಮಾತ್ರ ಎಂದಿನಂತೆ ಮುಳುಗಿದ.

ವಿದ್ಯಾರ್ಥಿ ಮಿತ್ರರೇ, ನೀವು ಹೊರಡುವಾಗ ಕ್ಯಾಮೆರಾ ಮರೆತರೂ ಚಿಂತೆಯಿಲ್ಲ. ಒಂದು ನೋಟ್‌ಬುಕ್ ಇರಲಿ. ಬಡಿಸಿದವರು ಹೇಳುವುದನ್ನು ಪೂರ್ತಿ ಕೇಳಿ, ಬರೆದುಕೊಳ್ಳಿ.