ಬಯಾಲಜಿಕ್ ಔಷಧ: ಚುಚ್ಚುಮದ್ದಿಗೆ ಮುನ್ನ ಕ್ಷಯ ಪರೀಕ್ಷೆ

ಶರೀರವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಕೀಲು, ಚರ್ಮ, ಕರುಳುಗಳ ಮೇಲೆ ಎರಗಿದಾಗ ರುಮಟಾಯ್ಡ್ ಸಂಧಿವಾತ, ಸೋರಿಯಾಸಿಸ್, ಕ್ರೋನ್ಸ್‌ನಂತಹ ಕಾಯಿಲೆಗಳು ತಲೆದೋರುತ್ತವೆ. ಮೆಥೊಟ್ರೆಕ್ಸೇಟ್ ಮೊದಲಾದ ಅಗ್ಗದ ಮಾತ್ರೆಗಳಿಗೆ ಕಾಯಿಲೆ ಜಗ್ಗದಿದ್ದಾಗ ವೈದ್ಯರು ಬಯಾಲಜಿಕ್ ಔಷಧ ಸೂಚಿಸುವುದು ವಾಡಿಕೆ.

ಜೀವಕೋಶಗಳಲ್ಲಿ ತಯಾರಾಗುವ ಈ ಔಷಧಗಳು ಪ್ರೋಟೀನುಗಳು. ನುಂಗಿದರೆ ಜೀರ್ಣವಾಗಿಬಿಡುವುದರಿಂದ ಚುಚ್ಚುಮದ್ದಾಗಿಯೇ ನೀಡಬೇಕು. ಉರಿಯೂತ ಹೆಚ್ಚಿಸುವ ಟಿಎನ್‌ಎಫ್ ಎಂಬ ಅಂಶವನ್ನು ತಡೆಯುವ ಇನ್‌ಫ್ಲಿಕ್ಸಿಮ್ಯಾಬ್‌ಗೆ ಅಮೆರಿಕದಲ್ಲಿ 1998ರಲ್ಲಿ, ಅಡಾಲಿಮುಮ್ಯಾಬ್‌ಗೆ 2002ರಲ್ಲಿ ಅನುಮತಿ ದೊರೆಯಿತು. ಬೆಂಗಳೂರಿನ ಬಯೋಕಾನ್ ಸಂಸ್ಥೆ ಬೇರೆ ಮಾರ್ಗದಲ್ಲಿ ಕೆಲಸ ಮಾಡುವ ಇಟೋಲಿಜುಮ್ಯಾಬ್ ಅನ್ನು ಸೋರಿಯಾಸಿಸ್‌ಗಾಗಿ 2013ರಲ್ಲಿ ಮಾರುಕಟ್ಟೆಗೆ ತಂದಿತು. 2014ರಲ್ಲಿ ಅಡಾಲಿಮುಮ್ಯಾಬ್‌ನ ಭಾರತೀಯ ತಯಾರಿಕೆಯೂ ಬಂದಿತು. ಆದರೂ ಕೂಲಿಕಾರ ಕುಟುಂಬಕ್ಕೆ ಈ ಚಿಕಿತ್ಸೆ ಭಾರವೇ.

ಟಿಎನ್‌ಎಫ್‌ಗೆ ಇನ್ನೊಂದು ಕೆಲಸವಿದೆ. ದೇಹದಲ್ಲಿ ಸುಪ್ತವಾಗಿರುವ ಕ್ಷಯದ ರೋಗಾಣುಗಳನ್ನು ಬಂಧನದಲ್ಲಿಡಲು ಅದು ಬೇಕು. ಅದನ್ನು ತಡೆದರೆ ಆ ಬಂಧನ ಸಡಿಲವಾಗುತ್ತದೆ. ಇನ್‌ಫ್ಲಿಕ್ಸಿಮ್ಯಾಬ್ ಪಡೆದ 70 ಮಂದಿಯಲ್ಲಿ ಕ್ಷಯ ಕಾಣಿಸಿಕೊಂಡ ವರದಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ 2001ರಲ್ಲೇ ಪ್ರಕಟವಾಗಿತ್ತು. ಸುಪ್ತ ಕ್ಷಯ ವ್ಯಾಪಕವಾಗಿರುವ ಭಾರತದಲ್ಲಿ ಈ ಎಚ್ಚರಿಕೆಗೆ ತೂಕ ಹೆಚ್ಚು. ಆದ್ದರಿಂದ ಎದೆಯ ಎಕ್ಸ್‌-ರೇ, ಮಾಂಟೂ ಅಥವಾ ರಕ್ತಪರೀಕ್ಷೆ ಮೊದಲು ಆಗಬೇಕು. ಹೆಪಟೈಟಿಸ್ ಬಿ ಪರೀಕ್ಷೆಯೂ ಅಗತ್ಯ. ಸುಪ್ತ ಕ್ಷಯ ಪತ್ತೆಯಾದರೆ ಅದರ ಮಾತ್ರೆಗಳನ್ನು ಸಾಮಾನ್ಯವಾಗಿ ಕನಿಷ್ಠ ಒಂದು ತಿಂಗಳು ಸೇವಿಸಿದ ನಂತರವೇ ಬಯಾಲಜಿಕ್ ಆರಂಭ.

ಮಾಂಟೂ ಚುಚ್ಚಿದ ಜಾಗವನ್ನು 48ರಿಂದ 72 ಗಂಟೆಗಳ ನಡುವೆ ಅಳೆಯಬೇಕು. ಮೊಳಕಾಲ್ಮುರು ತಾಲ್ಲೂಕಿನ ರಾಂಪುರದಿಂದ ಬಳ್ಳಾರಿಗೆ ಹೋಗಿ ಪರೀಕ್ಷೆ ಮಾಡಿಸಿದವರು ಮೂರನೆಯ ದಿನ ಮತ್ತೆ ಬಸ್ಸು ಹತ್ತಬೇಕು. ಒಂದು ದಿನದ ಕೂಲಿ ಹೋಗುತ್ತದೆಂದು ಅದನ್ನು ಬಿಟ್ಟರೆ ಪರೀಕ್ಷೆಯೇ ವ್ಯರ್ಥ. ಸಮೀಪದ ಸರ್ಕಾರಿ ಆಸ್ಪತ್ರೆಯಲ್ಲಿ ಅಳೆಸಬಹುದೇ ಎಂದು ವೈದ್ಯರನ್ನು ಮೊದಲೇ ಕೇಳಿಕೊಳ್ಳುವುದು ಲೇಸು.

ಔಷಧವನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿಡಬೇಕು. ಕೆಲವು ತಯಾರಿಕೆಗಳನ್ನು 25 ಡಿಗ್ರಿ ಮೀರದ ಜಾಗದಲ್ಲಿ ಕೆಲವು ದಿನ ಇಡಬಹುದೆಂದು ಪೊಟ್ಟಣದಲ್ಲಿ ಬರೆದಿರುತ್ತದೆ. ಬಯಲುಸೀಮೆಯ ಬೇಸಿಗೆಯಲ್ಲಿ ಆ ರಿಯಾಯಿತಿಗೆ ಅರ್ಥವಿಲ್ಲ. ಊರಿಗೆ ಒಯ್ಯುವಾಗ ಐಸ್‌ ಡಬ್ಬಿ ಬೇಕು, ಆದರೆ ಸಿರಿಂಜು ನೇರವಾಗಿ ಮಂಜುಗಡ್ಡೆಗೆ ತಾಗಬಾರದು. ಹೆಪ್ಪುಗಟ್ಟಿದ ಔಷಧ ಕರಗಿದರೂ ಬಳಕೆಗೆ ಬಾರದು.

ಚಿಕಿತ್ಸೆಯ ನಡುವೆ ಎರಡು ವಾರ ಕೆಮ್ಮು, ಸಂಜೆಯ ಜ್ವರ, ತೂಕ ಇಳಿಕೆ, ಕುತ್ತಿಗೆಯಲ್ಲಿ ಗಂಟು ಕಂಡರೆ ಮುಂದಿನ ಚುಚ್ಚುಮದ್ದಿಗೆ ಮೊದಲು ವೈದ್ಯರನ್ನು ಕಾಣಬೇಕು. ಪರೀಕ್ಷೆಯಲ್ಲಿ ಕ್ಷಯ ಇಲ್ಲವೆಂದು ಬಂದಿದ್ದವರಿಗೂ ಈ ಮಾತು ಅನ್ವಯಿಸುತ್ತದೆ.